ಅಶರೀರವಾಣಿ ಕನ್ನಡದಲ್ಲಿರಲಿಲ್ಲ

ಕಾಸರಗೋಡಿನ ಕನ್ನಡ ಮನೆಗಳಲ್ಲಿ ಈಗ ಮೂವತ್ತರ ಆಸುಪಾಸಿನಲ್ಲಿರುವ ಯಾರನ್ನಾದರೂ ‘ಜಾದೂ ಯಾರು?’ ಎಂದು ಕೇಳಿ. 2003ರ ಹಿಂದಿ ಸಿನೆಮಾ ‘ಕೋಯಿ ಮಿಲ್ ಗಯಾ’ದ ನೀಲಿ ಮೈಯ ಜೀವಿ ಕೂಡಲೇ ನೆನಪಾಗುತ್ತದೆ. ಬಿಸಿಲಿನಿಂದ ಶಕ್ತಿ ಪಡೆಯುವ ಅದನ್ನು ಮೆಚ್ಚಲು ಹಿಂದಿ ಬರಬೇಕೆಂದೇನೂ ಇರಲಿಲ್ಲ. ಅದಕ್ಕೂ ಒಂದು ವರ್ಷ ಮೊದಲು ಬಂದ ಇಂಗ್ಲಿಷ್ ಸಿನೆಮಾ ‘ಮೈನಾರಿಟಿ ರಿಪೋರ್ಟ್’ನ ಹೆಸರು ಹೇಳಿದರೆ ಮಾತ್ರ, ಭಾಷಾ ಅಲ್ಪಸಂಖ್ಯಾತರು ತಿರುವನಂತಪುರಕ್ಕೆ ಕೊಟ್ಟ ಇನ್ನೊಂದು ಮನವಿಯೋ ಏನೋ ಎಂದುಕೊಂಡಾರು.

ಸ್ಪೀಲ್‌ಬರ್ಗ್ ನಿರ್ದೇಶಿಸಿದ ಆ ಚಿತ್ರದ ಕಾಲ 2054. ಮುಂದೆ ನಡೆಯುವ ಕೊಲೆಗಳನ್ನು ಮೊದಲೇ ಕಾಣುವ ಮೂವರಿದ್ದಾರೆ. ಅವರು ಕಂಡದ್ದನ್ನು ನಂಬಿ, ಇನ್ನೂ ಏನೂ ಮಾಡದವನನ್ನು ಪೊಲೀಸರು ಹಿಡಿದು ಒಳಗೆ ಹಾಕುತ್ತಾರೆ. ಒಂದು ದಿನ ಆ ದಳದ ಮುಖ್ಯಸ್ಥನ ಹೆಸರೇ ಕೊಲೆಗಾರನ ಜಾಗದಲ್ಲಿ ಬರುತ್ತದೆ. ಈ ಕತೆಯನ್ನು ಒಮ್ಮೆ ಮಾವನಿಗೆ ಹೇಳಿದೆ. ಕುಂಬಳೆ ಸೀಮೆಯಲ್ಲಿ ಎಲ್ಲಿ ತಾಳಮದ್ದಳೆಯಾದರೂ ಬಿಡದೆ ಹೋಗುವವರು ಅವರು. (ವೇಷ, ಕುಣಿತವಿಲ್ಲದ ಯಕ್ಷಗಾನ ಅದು. ಕಲಾವಿದರು ಕೂತು, ಪಾತ್ರವಾಗಿ ವಾದಿಸುತ್ತಾರೆ. ಅದಕ್ಕೆ ‘ಅರ್ಥ ಹೇಳುವುದು’ ಎನ್ನುತ್ತಾರೆ.) ಅಡಿಕೆ ಸುಲಿಯುವುದನ್ನು ನಿಲ್ಲಿಸದೆಯೇ, “ಕಂಸ ಮಾಡಿದ್ದೂ ಅದನ್ನೇ ಅಲ್ವಾ ಮಾರಾಯ? ಅಶರೀರವಾಣಿ ಕೇಳಿ ದೇವಕಿಯನ್ನು ಜೈಲಿಗೆ ಹಾಕಲಿಲ್ವಾ?” ಎಂದರು. ಆಮೇಲೆ ಅರ್ಧ ಗಂಟೆ ಕಂಸನ ಪಕ್ಷ ವಹಿಸಿ ವಾದಿಸಿದರು.

ಈ ಶತಮಾನದ ಮೊದಲ ದಶಕದ ಒಳ್ಳೆಯ ಸೈನ್ಸ್ ಫಿಕ್ಷನ್ ಚಿತ್ರಗಳ ಬಂಡವಾಳವೇ ಇಂಥ ವಾದ. ಮುರಿದ ಪ್ರೀತಿಯ ನೆನಪನ್ನು ತಲೆಯಿಂದ ಅಳಿಸಲು ಸಾಧ್ಯವಾದರೆ ಅಳಿಸಿಕೊಳ್ಳಬೇಕೇ ಎಂದು ಕೇಳಿದ್ದು 2004ರ ‘ಎಟರ್ನಲ್ ಸನ್‌ಶೈನ್ ಆಫ್ ದ ಸ್ಪಾಟ್‌ಲೆಸ್ ಮೈಂಡ್’. ಅದೇ ವರ್ಷದ ‘ಪ್ರೈಮರ್’ ತಯಾರಾದದ್ದು ಸುಮಾರು 7,000 ಡಾಲರಿನಲ್ಲಿ. ಇಬ್ಬರು ಎಂಜಿನಿಯರುಗಳು ಗ್ಯಾರೇಜಿನಲ್ಲಿ ಕೆಲಸ ಮಾಡುತ್ತ ಕಾಲಯಂತ್ರವೊಂದನ್ನು ಕಟ್ಟಿಬಿಡುತ್ತಾರೆ, ಮತ್ತೆ ಮಾತಾಡುತ್ತಲೇ ಇರುತ್ತಾರೆ. (ಪ್ರಸಂಗ ಗೊತ್ತಿಲ್ಲದೆ ತಾಳಮದ್ದಳೆಗೆ ಕೂತ ಹಾಗೆ. ಇಂಗ್ಲಿಷ್ ಚೆನ್ನಾಗಿ ಬರುವವರಿಗೂ ತಲೆ ತಿರುಗುತ್ತದೆ.) 2006ರಲ್ಲಿ ಬಂದ ‘ಚಿಲ್ಡ್ರನ್ ಆಫ್ ಮೆನ್’ನ ಕತೆ 2027ರದ್ದು. ಹದಿನೆಂಟು ವರ್ಷದಿಂದ ಭೂಮಿಯ ಮೇಲೆ ಒಂದು ಮಗುವೂ ಹುಟ್ಟಿಲ್ಲ. ಗೇರು ತೋಟಗಳ ಮೇಲೆ 2000ದವರೆಗೂ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಎಂಬ ಕೀಟನಾಶಕ ಸುರಿಸಿಕೊಂಡ ಊರಿನವರು ನಾವು. ಆ ವಿಷ ಬಿದ್ದ ಎಣ್ಮಕಜೆಯಲ್ಲಿ ಕೂತು ಆ ಚಿತ್ರ ನೋಡಿದರೆ ಅದು ಬರೀ ಕಲ್ಪನೆ ಅನ್ನಿಸುವುದಿಲ್ಲ.

ಆದರೆ ನೋಡುವುದು ಯಾವ ಭಾಷೆಯಲ್ಲಿ? ಜಾದೂ ಭಾಷೆ ದಾಟಿ ಬಂತು, ವಾದ ದಾಟಲಿಲ್ಲ. ಅದರ ಹಿಂದೆ ಅರ್ಧ ಶತಮಾನದ ಕತೆ ಇದೆ. 1960ರ ದಶಕದಲ್ಲಿ ಮದರಾಸಿನ ಸ್ಟುಡಿಯೋಗಳಿಂದ ಬರುತ್ತಿದ್ದ ಡಬ್ಬಿಂಗ್ ಚಿತ್ರಗಳಿಂದ ಕನ್ನಡ ಕಲಾವಿದರಿಗೆ ಕೆಲಸ ತಪ್ಪುತ್ತದೆಂದು ಚಳವಳಿ ನಡೆಯಿತು. ಅ.ನ.ಕೃ. ಅಂಥವರು ಮುಂದೆ ನಿಂತರು, ರಾಜಕುಮಾರ್ ಬೆಂಬಲಿಸಿದರು. ಆಗಿನ ಸ್ಥಿತಿಗೆ ಅದು ನ್ಯಾಯವೇ ಆಗಿತ್ತೆಂದು ನನಗೂ ಅನ್ನಿಸುತ್ತದೆ. ಆದರೆ ಕನ್ನಡಕ್ಕೆ ಡಬ್ ಮಾಡಬಾರದೆಂಬ, ಕಾನೂನಲ್ಲದ ಆ ಕಟ್ಟುಪಾಡು ಕಾನೂನಿಗಿಂತ ಗಟ್ಟಿಯಾಗಿ ಉಳಿಯಿತು. 1994ರಲ್ಲಿ ‘ಜುರಾಸಿಕ್ ಪಾರ್ಕ್’ ಹಿಂದಿಯಲ್ಲಿ ಗೆದ್ದ ಮೇಲೆ ಹಾಲಿವುಡ್ ಹಿಂದಿ, ತಮಿಳು, ತೆಲುಗು ಕಲಿಯಿತು. 2009ರ ‘ಅವತಾರ್’ ಆ ಮೂರರಲ್ಲೂ ಮಾತಾಡಿತು. ಕನ್ನಡದ ಬಾಗಿಲು ಮುಚ್ಚಿತ್ತು.

1956ರಲ್ಲೇ ಕೇರಳಕ್ಕೆ ಸೇರಿದ ನಮಗೆ ಬೆಂಗಳೂರಿನ ಕಟ್ಟುಪಾಡು ಅನ್ವಯಿಸುತ್ತಿರಲಿಲ್ಲ, ನಿಜ. ಆದರೆ ಗಡಿಯಾಚೆ ಉಳಿದ ಒಂದಿಷ್ಟು ಕನ್ನಡಿಗರಿಗಾಗಿ ಯಾರು ಡಬ್ ಮಾಡುತ್ತಾರೆ? ಇತ್ತ ಎಂಸೋನ್ ಎಂಬ ಹವ್ಯಾಸಿಗಳ ಬಳಗ 2012ರಿಂದ ಜಗತ್ತಿನ ಸಿನೆಮಾಗಳಿಗೆ ಮಲಯಾಳ ಸಬ್‌ಟೈಟಲ್ ಬರೆಯತೊಡಗಿತು. ಕನ್ನಡ ಮೀಡಿಯಮ್ಮಿನಲ್ಲಿ ಕಲಿತ ನಮ್ಮಲ್ಲಿ ಅನೇಕರಿಗೆ ಪೇಟೆಯಲ್ಲಿ ಮಲಯಾಳ ಮಾತಾಡಲು ಸಲೀಸು, ಓದಲು ಬಾರದು. ಪರದೆಯ ಕೆಳಗೆ ಓಡುವ ಅಕ್ಷರ ನಮಗೆ ಬರೀ ಗೆರೆ.

ಕನ್ನಡದಲ್ಲಿ ಪ್ರಯತ್ನವೇ ಆಗಲಿಲ್ಲವೆಂದಲ್ಲ. ರಜನಿಕಾಂತರ ತಮಿಳು ರೋಬೋ ಚಿತ್ರ ‘ಎಂದಿರನ್’ ಬಂದದ್ದು 2010ರಲ್ಲಿ. ಅದಕ್ಕೆ ಎಂಟು ವರ್ಷ ಮೊದಲೇ ಉಪೇಂದ್ರ ‘ಹಾಲಿವುಡ್’ ಎಂಬ ಕನ್ನಡ ಚಿತ್ರದಲ್ಲಿ ತನ್ನದೇ ರೂಪದ ರೋಬೋ ಆಗಿದ್ದರು. ಆದರೆ ನಮಗೆ ಹತ್ತಿರದ ರೋಬೋ ಬಂದದ್ದು ತೆಂಕು ದಿಕ್ಕಿನಿಂದ. 2019ರ ಮಲಯಾಳ ಚಿತ್ರ ‘ಆಂಡ್ರಾಯ್ಡ್ ಕುಂಜಪ್ಪನ್’ನ ಊರು ಪಯ್ಯನ್ನೂರು, ಜಿಲ್ಲೆಯ ಗಡಿ ದಾಟಿದರೆ ಸಿಗುವ ಪೇಟೆ. ಮಗ ವಿದೇಶದಲ್ಲಿ, ಮುದಿ ಅಪ್ಪನನ್ನು ನೋಡಿಕೊಳ್ಳಲು ಯಂತ್ರ. ಮೊದಲು ಹಚ್ಚಿಕೊಳ್ಳದ ಅಪ್ಪ ಆಮೇಲೆ ಅದನ್ನು ಬಿಟ್ಟಿರಲಾರ. ಗಲ್ಫಿನಲ್ಲಿ ಮಕ್ಕಳಿರುವ ಎಷ್ಟೋ ಮನೆಗಳಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.

ಡಬ್ಬಿಂಗ್ ವಿರೋಧಕ್ಕಾಗಿ, ಮಾರುಕಟ್ಟೆಯ ಪೈಪೋಟಿಗೆ ಅಡ್ಡಿಯಾಗದಂತೆ ನೋಡಿಕೊಳ್ಳುವ ಕೇಂದ್ರದ ಸ್ಪರ್ಧಾ ಆಯೋಗ 2015ರಲ್ಲಿ ಕರ್ನಾಟಕ ಚಲನಚಿತ್ರ ವಾಣಿಜ್ಯ ಮಂಡಳಿಗೆ ದಂಡ ಹಾಕಿತು. 2017ರಲ್ಲಿ ತಮಿಳಿನಿಂದ ಡಬ್ ಆದ ‘ಸತ್ಯದೇವ್ ಐಪಿಎಸ್’ ತೆರೆ ಕಂಡಿತು. ಅಲ್ಲಿಂದ ಮುಂದೆ ಒಳಗೆ ಬಂದವು ಹೆಚ್ಚಾಗಿ ದೊಡ್ಡ ಬಜೆಟ್ಟಿನ ಹೊಸ ಚಿತ್ರಗಳು. 2022ರ ಡಿಸೆಂಬರಿನಲ್ಲಿ ‘ಅವತಾರ್’ನ ಎರಡನೇ ಭಾಗ ಕನ್ನಡದಲ್ಲೂ ಬಂತು. ಮಾವನನ್ನು ಕರಕೊಂಡು ಐವತ್ತು ಕಿಲೋಮೀಟರ್ ದೂರದ ಮಂಗಳೂರಿಗೆ ಹೋದೆ. ಮೂರು ಗಂಟೆ ದಾಟಿದ ಚಿತ್ರ. ಹೊರಗೆ ಬಂದು ಕನ್ನಡಕ ಒರೆಸಿಕೊಳ್ಳುತ್ತ ಅವರು ಹೇಳಿದ್ದು ಇಷ್ಟು: “ಸಮುದ್ರ ಲಾಯ್ಕ ಉಂಟು. ಅರ್ಥ ಹೇಳುವವರು ಯಾರೂ ಇರಲಿಲ್ಲ.”