ಮಂಗನ ಕಾಯಿಲೆ: ಉಣುಗಿನಿಂದ ರಕ್ತದವರೆಗೆ

ಪರೀಕ್ಷೆಯಲ್ಲಿ ‘ಮಂಗನ ಕಾಯಿಲೆ ಹೇಗೆ ಹರಡುತ್ತದೆ?’ ಎಂಬ ಪ್ರಶ್ನೆಗೆ ‘ಮಂಗನಿಂದ’ ಎಂದಷ್ಟೇ ಬರೆದರೆ ಅಂಕ ಹೋಯಿತು. ಹರಡುವುದು ಉಣುಗು. ಅದು ಕಚ್ಚಿ ಮನುಷ್ಯರು ಕಾಯಿಲೆ ಬೀಳುವಂತೆಯೇ ಮಂಗಗಳೂ ಬೀಳುತ್ತವೆ, ಇನ್ನೂ ಬೇಗ ಸಾಯುತ್ತವೆ. 1957ರಲ್ಲಿ ಶಿವಮೊಗ್ಗ ಜಿಲ್ಲೆಯ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಸತ್ತು, ಸುತ್ತಲಿನ ಹಳ್ಳಿಗಳಲ್ಲಿ ಜ್ವರ ಎದ್ದಾಗ ಈ ವೈರಸ್ ಪತ್ತೆಯಾಯಿತು. ಡೆಂಗಿಯಂತೆ ಇದೂ ಫ್ಲಾವಿವೈರಸ್ ಎಂಬ ಗುಂಪಿನದು.

ಮುಖ್ಯ ವಾಹಕ ಹೀಮಾಫೈಸಾಲಿಸ್ ಸ್ಪೈನಿಜೆರಾ ಎಂಬ ಉಣುಗು. ಮೊಟ್ಟೆಯಿಂದ ಆರು ಕಾಲಿನ ಲಾರ್ವಾ, ಅದರಿಂದ ಎಂಟು ಕಾಲಿನ ನಿಂಫ್, ಕೊನೆಗೆ ಪ್ರೌಢ ಉಣುಗು. ಒಂದೊಂದು ಹಂತದಲ್ಲೂ ಒಮ್ಮೆ ಹೊಟ್ಟೆ ತುಂಬ ರಕ್ತ ಹೀರಿ ನೆಲಕ್ಕೆ ಬೀಳುತ್ತದೆ. ಲಾರ್ವಾ, ನಿಂಫ್ ಆದರೆ ಆಮೇಲೆ ಪೊರೆ ಕಳಚಿ ಮುಂದಿನ ಹಂತಕ್ಕೆ ಹೋಗುತ್ತವೆ. ಪೊರೆ ಹೋದರೂ ವೈರಸ್ ಒಳಗೇ ಉಳಿಯುತ್ತದೆ. ಸೋಂಕಿನ ಸರಪಳಿಯ ಗುಟ್ಟೇ ಇದು. ಮಳೆಗಾಲ ಮುಗಿದ ಮೇಲೆ ಲಾರ್ವಾಗಳು ಇಲಿ, ಮೂಗಿಲಿ, ಮಂಗಗಳ ಮೇಲೆ ಹತ್ತಿ ಸೋಂಕು ಪಡೆಯುತ್ತವೆ. ಬೇಸಿಗೆಯತ್ತ ಸಾಗುವಾಗ ಅವು ನಿಂಫ್ ಆಗಿರುತ್ತವೆ. ಮನುಷ್ಯರನ್ನು ಹೆಚ್ಚಾಗಿ ಕಚ್ಚುವುದು ಈ ನಿಂಫ್‌ಗಳೇ. ಸೊಪ್ಪು, ತರಗೆಲೆ, ಸೌದೆಗೆಂದು ಜನ ಕಾಡಿಗೆ ಹೋಗುವುದೂ ಅದೇ ದಿನಗಳಲ್ಲಿ. ಡಿಸೆಂಬರ್‌ನಿಂದ ಮೇವರೆಗೆ ಪ್ರಕರಣಗಳು ಏರುವುದು ಈ ಕಾರಣಕ್ಕೆ. ನಿಂಫ್ ಗಸಗಸೆ ಕಾಳಿನಷ್ಟು ಚಿಕ್ಕದು, ಕಚ್ಚಿದ್ದು ಗೊತ್ತಾಗದೆಯೂ ಹೋಗಬಹುದು.

ಮಂಗ ಸತ್ತರೆ ಮೈಮೇಲಿನ ಉಣುಗುಗಳು ಕೆಳಗಿಳಿದು ಸುತ್ತಲಿನ ತರಗೆಲೆಯಲ್ಲಿ ಹರಡಿಕೊಳ್ಳುತ್ತವೆ. ಆ ಜಾಗಕ್ಕೆ ಮೆಲಾಥಿಯಾನ್ ಎಂಬ ಕೀಟನಾಶಕದ ಪುಡಿ ಎರಚುವುದು ಇದಕ್ಕಾಗಿಯೇ. ದನಗಳ ಪಾತ್ರ ಬೇರೆ: ಪ್ರೌಢ ಉಣುಗುಗಳಿಗೆ ಅವು ಆಹಾರ, ಹಾಗಾಗಿ ಉಣುಗಿನ ಸಂಖ್ಯೆ ಬೆಳೆಯುತ್ತದೆ, ಆದರೆ ದನದ ರಕ್ತದಲ್ಲಿ ವೈರಸ್ ಹೇಳಿಕೊಳ್ಳುವಷ್ಟು ಬೆಳೆಯುವುದಿಲ್ಲ. ಮನುಷ್ಯನಲ್ಲಿ ಸರಪಳಿ ನಿಲ್ಲುತ್ತದೆ, ಒಬ್ಬರಿಂದ ಒಬ್ಬರಿಗೆ ಹರಡುವುದಿಲ್ಲ. ರೋಗಿಯನ್ನು ಮನೆಯಲ್ಲಿ ದೂರ ಇಡುವುದಕ್ಕೆ ಅರ್ಥವೇ ಇಲ್ಲ.

ಇನ್ನು ದೇಹದ ಕಡೆ. ಮೊದಲ ತಡೆ ಚರ್ಮ. ಉಣುಗು ಅದನ್ನು ತೂರಿಬಿಡುತ್ತದೆ. ಅದರ ಜೊಲ್ಲಿನಲ್ಲಿ ರಕ್ತ ಹೆಪ್ಪುಗಟ್ಟದಂತೆ, ಸ್ಥಳೀಯ ಪ್ರತಿರೋಧ ಏಳದಂತೆ ಮಾಡುವ ಪದಾರ್ಥಗಳಿವೆ. ಎರಡನೆಯದು ಇಂಟರ್‌ಫೆರಾನ್: ಸೋಂಕಿತ ಜೀವಕೋಶ ಇದನ್ನು ಬಿಟ್ಟು ನೆರೆಯ ಕೋಶಗಳನ್ನು ಎಚ್ಚರಿಸುತ್ತದೆ. ವೈರಸ್ಸಿನ ಎನ್‌ಎಸ್5 ಪ್ರೋಟೀನ್ ಈ ಸಂದೇಶವನ್ನೇ ಅಡ್ಡಗಟ್ಟುತ್ತದೆ. ಮೂರನೆಯ ಸಾಲಿನ, ವೈರಸ್ಸನ್ನು ಗುರುತಿಸಿ ಹೋರಾಡುವ ಬಿ ಮತ್ತು ಟಿ ಕೋಶಗಳು ಸಜ್ಜಾಗಲು ದಿನಗಳು ಬೇಕು. ಅಷ್ಟರಲ್ಲಿ ವೈರಸ್ ರಕ್ತ ಸೇರಿ, ಕಚ್ಚಿದ 3ರಿಂದ 8 ದಿನಗಳಲ್ಲಿ ದಿಢೀರ್ ಜ್ವರ, ತಲೆನೋವು, ವಿಪರೀತ ಮೈಕೈ ನೋವು, ಕೆಂಪು ಕಣ್ಣು. ಬಿಳಿರಕ್ತಕಣ, ಪ್ಲೇಟ್‌ಲೆಟ್ ಎರಡೂ ಇಳಿಯುತ್ತವೆ. ಕೆಲವರಿಗೆ ಮೂಗು, ವಸಡಿನಿಂದ ರಕ್ತ. ಶೇ 10–20 ರೋಗಿಗಳಿಗೆ ಜ್ವರ ಬಿಟ್ಟ ಮೇಲೆ ಮೂರನೇ ವಾರದ ಹೊತ್ತಿಗೆ ಮತ್ತೆ ಮರುಕಳಿಸಿ, ನಡುಕ, ಗೊಂದಲದಂತಹ ಮಿದುಳಿನ ಲಕ್ಷಣ ಕಾಣುತ್ತವೆ. ಸಾವಿನ ಪ್ರಮಾಣ ಶೇ 3ರಿಂದ 5. ನೇರ ಔಷಧ ಇಲ್ಲ. ಜ್ವರಕ್ಕೆ ಪ್ಯಾರಾಸಿಟಮಾಲ್, ಜೊತೆಗೆ ದ್ರವಾಂಶ. ಆಸ್ಪಿರಿನ್, ಐಬುಪ್ರೊಫೆನ್ ರಕ್ತಸ್ರಾವ ಹೆಚ್ಚಿಸುವುದರಿಂದ ಬೇಡ.

ರಕ್ತಪರೀಕ್ಷೆಯ ಲೆಕ್ಕವೂ ಇದೇ ಕ್ರಮದಲ್ಲಿದೆ. ಜ್ವರದ ಮೊದಲ ದಿನಗಳಲ್ಲಿ ರಕ್ತದಲ್ಲಿ ಇರುವುದು ವೈರಸ್, ಅದರ ವಿರುದ್ಧ ದೇಹ ತಯಾರಿಸುವ ಪ್ರತಿಕಾಯವಲ್ಲ, ಆಗ ವೈರಸ್ಸನ್ನೇ ಹುಡುಕುವ ಆರ್‌ಟಿ-ಪಿಸಿಆರ್. ಸುಮಾರು ಐದನೇ ದಿನದ ನಂತರ ಪ್ರತಿಕಾಯ ಹುಡುಕುವ ಐಜಿಎಂ. ಎರಡನೇ ದಿನವೇ ಐಜಿಎಂ ಮಾಡಿಸಿ ‘ನೆಗೆಟಿವ್’ ಎಂದು ನೆಮ್ಮದಿಯಾಗುವುದು ಸಾಮಾನ್ಯ ತಪ್ಪು.

ಬಳಕೆಯಲ್ಲಿದ್ದ ಲಸಿಕೆ ಫಾರ್ಮಾಲಿನ್ ಎಂಬ ರಾಸಾಯನಿಕದಿಂದ ಕೊಂದ ವೈರಸ್ಸಿನದು. ಸತ್ತ ವೈರಸ್ ಕೋಶದೊಳಗೆ ಬೆಳೆಯದ ಕಾರಣ ಟಿ ಕೋಶಗಳ ನೆನಪು ಗಟ್ಟಿಯಾಗುವುದಿಲ್ಲ, ರಕ್ಷಣೆ ಬೇಗ ಕರಗುತ್ತದೆ. ತಿಂಗಳ ಅಂತರದಲ್ಲಿ ಎರಡು ಡೋಸ್, 6–9 ತಿಂಗಳಿಗೆ ಬೂಸ್ಟರ್, ಆಮೇಲೆ ವರ್ಷ ವರ್ಷ ಎಂಬ ನಿಯಮ ಬಂದದ್ದು ಅದಕ್ಕೇ. 2005–10ರ ಅಂಕಿಅಂಶಗಳಲ್ಲಿ ಎರಡು ಡೋಸ್‌ಗೆ ಸುಮಾರು ಶೇ 62, ಬೂಸ್ಟರ್ ಸೇರಿದರೆ ಶೇ 83 ರಕ್ಷಣೆ ಕಂಡಿತ್ತು. ಚುಚ್ಚಿದ ಕಡೆ ನೋವು, ಮತ್ತೆ ಮತ್ತೆ ಡೋಸ್ ಎಂದರೆ ಜನ ಹಿಂಜರಿಯುವುದೂ ಸಹಜ. ಪರಿಣಾಮ ಸಾಲದೆಂದು 2022ರಲ್ಲಿ ಅದರ ಬಳಕೆ ನಿಂತಿತು. ಹಳೆಯ ಗೈಡುಗಳಲ್ಲಿ ಇನ್ನೂ ಚಾಲ್ತಿಯಲ್ಲಿರುವಂತೆ ಬರೆದಿರುತ್ತದೆ, ತಿದ್ದಿಕೊಳ್ಳಿ.

ಹಾಗಾಗಿ ಉಣುಗಿನಿಂದ ತಪ್ಪಿಸಿಕೊಳ್ಳುವುದೇ ದಾರಿ. ಕಾಡಿಗೆ ಹೋಗುವ ಮುನ್ನ ಕೈಕಾಲಿಗೆ ಉಣುಗು ಹತ್ತದಂತೆ ತಡೆಯುವ ಡೆಪಾ ತೈಲ, ಪೂರ್ತಿ ತೋಳಿನ ಅಂಗಿ, ಪ್ಯಾಂಟಿನ ತುದಿ ಕಾಲುಚೀಲದೊಳಗೆ. ಬಂದೊಡನೆ ಬಟ್ಟೆಗೆ ಬಿಸಿನೀರು, ಮೈಗೆ ಸೋಪು. ಕಂಕುಳು, ತೊಡೆಸಂದು, ಕಿವಿ ಹಿಂದೆ ನೋಡಿ. ಕಚ್ಚಿಕೊಂಡಿದ್ದರೆ ಚಿಮುಟದಿಂದ ಚರ್ಮದ ಅಂಚಿನಲ್ಲೇ ಹಿಡಿದು ನೇರ ಎಳೆಯಿರಿ. ಬೆಂಕಿ, ಸೀಮೆಎಣ್ಣೆ ಬೇಡ. ಹೊಟ್ಟೆ ಹಿಸುಕಿದರೆ ಒಳಗಿನದ್ದು ಗಾಯಕ್ಕೆ ಸೇರಬಹುದು. ಕಿತ್ತ ದಿನಾಂಕ ಬರೆದಿಡಿ. ಮುಂದಿನ ಒಂದೆರಡು ವಾರದಲ್ಲಿ ಜ್ವರ ಬಂದರೆ ವೈದ್ಯರಿಗೆ ಮೊದಲು ಹೇಳಬೇಕಾದ್ದು ಆ ದಿನಾಂಕವನ್ನೇ.