ಚರಂಡಿಯ ಪುರಾವೆ ಸಿಗುವುದು ಬೇಸಿಗೆಯಲ್ಲಿ

ಕೊಡಗಿನ ಪಟ್ಟಣಗಳಲ್ಲಿ ಮಳೆನೀರು ಚರಂಡಿಯ ಮಾತು ಏಳುವುದು ಜೂನ್‌ನಿಂದ ಆಗಸ್ಟ್‌ವರೆಗೆ. ಕಟ್ಟಿಕೊಂಡ ಮೋರಿ ಉಕ್ಕಿ ರಸ್ತೆಗೆ ಹರಿದಾಗ ದೂರುಗಳು ಬರುತ್ತವೆ, ಬೆನ್ನಿಗೇ ನೋಟಿಸುಗಳು ಹೊರಡುತ್ತವೆ. ಪರಿಸರ ಎಂಜಿನಿಯರಾಗಿ ಸ್ಥಳೀಯ ಸಂಸ್ಥೆಗಳ ಜೊತೆ ಕೆಲಸ ಮಾಡಿದ ಅನುಭವದಿಂದ ಹೇಳುವುದಾದರೆ, ಅವುಗಳಲ್ಲಿ ಹೆಚ್ಚಿನವು ಊರ್ಜಿತವಾಗುವುದಿಲ್ಲ. ಮುಂಗಾರಿನ ನೀರಿನಲ್ಲಿ ಬೆರೆತುಹೋದ ಕೊಳೆ ಯಾರ ಕಟ್ಟಡದಿಂದ ಬಂತೆಂದು ತೋರಿಸುವುದು ಬಲು ಕಷ್ಟ. ತಪಾಸಣೆ ನಡೆಯಬೇಕಾದದ್ದು ಫೆಬ್ರವರಿ, ಮಾರ್ಚ್ ತಿಂಗಳಲ್ಲಿ.

ಬಯಲುಸೀಮೆಯಲ್ಲಿ ಈ ಕೆಲಸ ಸುಲಭ. ವಾರಗಟ್ಟಲೆ ಮಳೆಯಿಲ್ಲದಿದ್ದರೂ ಮಳೆಚರಂಡಿಯಲ್ಲಿ ನೀರು ಹರಿಯುತ್ತಿದ್ದರೆ ಅಲ್ಲಿಯೇ ಸಂಶಯ ಪಡಬಹುದು. ಮಡಿಕೇರಿಯಂಥ ಗುಡ್ಡದ ಊರಿನಲ್ಲಿ ಹಾಗಲ್ಲ. ಮಳೆ ನಿಂತ ಎಷ್ಟೋ ಕಾಲದವರೆಗೆ ಬರೆಯ (ಗುಡ್ಡದ ಕಡಿದಾದ ಬದಿಯ) ಸಂದುಗಳಿಂದ ಒರತೆ ಜಿನುಗುತ್ತಲೇ ಇರುತ್ತದೆ, ಆದ್ದರಿಂದ ಹರಿಯುವ ನೀರೆಲ್ಲವೂ ಕೊಳಚೆಯಲ್ಲ. ಒರತೆಯ ನೀರಿನಲ್ಲಿ ಲವಣಾಂಶ ಕಡಿಮೆಯಿರುವುದರಿಂದ ಅದರ ವಿದ್ಯುತ್ ವಾಹಕತೆಯೂ ಕಡಿಮೆ. ಬಚ್ಚಲ ನೀರು ಸೇರಿದೊಡನೆ ಅದು ಏರುತ್ತದೆ, ಶೌಚಗುಂಡಿಯ ನೀರು ಸೇರಿದರೆ ಅಮೋನಿಯಾ ಕೂಡ ಕಾಣಿಸುತ್ತದೆ. ಕೈಯಲ್ಲಿ ಹಿಡಿಯುವ ಸಣ್ಣ ಮೀಟರಿನೊಂದಿಗೆ, ಚರಂಡಿ ತೋಡಿಗೆ ಸೇರುವ ಬಾಯಿಯಿಂದ ಹೊರಟು ಒಂದೊಂದೇ ಚಪ್ಪಡಿ ಎತ್ತುತ್ತ ಮೇಲಕ್ಕೆ ನಡೆದರೆ, ಅಳತೆ ಯಾವ ಎರಡು ಚಪ್ಪಡಿಗಳ ನಡುವೆ ಬದಲಾಯಿತೋ ಅಲ್ಲಿ ತಪ್ಪು ಜೋಡಣೆಯಿರುತ್ತದೆ.

ಹೀಗೆ ನಡೆದು ಒಮ್ಮೆ ನಾವು ತಲುಪಿದ್ದು ಒಂದು ಹೋಟೆಲಿನ ಹಿಂಬದಿಯನ್ನು. ಪಾತ್ರೆ ತೊಳೆಯುವ ತೊಟ್ಟಿಗೆ ಹಸಿರು ಬಣ್ಣದ ಫ್ಲೂರೆಸೀನ್ ಸುರಿದ ಸ್ವಲ್ಪ ಹೊತ್ತಿನಲ್ಲಿ ಅದು ಕೆಳಗಿನ ಮಳೆಚರಂಡಿಯಲ್ಲಿ ಕಾಣಿಸಿತು. ಇಂಗುಗುಂಡಿ ತುಂಬಿದಾಗ ಕೊಳಾಯಿ ಕೆಲಸದವರು ಪೈಪನ್ನು ಇತ್ತ ತಿರುಗಿಸಿದ್ದು ಮಾಲೀಕರಿಗೆ ತಿಳಿದೇ ಇರಲಿಲ್ಲ. ಬಣ್ಣವನ್ನು ಕಣ್ಣಾರೆ ಕಂಡ ಮೇಲೆ ಅವರು ವಾದಿಸಲಿಲ್ಲ; ಜಿಡ್ಡು ತಡೆಯುವ ತೊಟ್ಟಿ ಕಟ್ಟಿಸಿ ಪೈಪನ್ನು ಸರಿಪಡಿಸಿದರು. ದಂಡಕ್ಕಿಂತ ಮೊದಲು ಇಂಥ ಅವಕಾಶ ಕೊಡುವುದು ನ್ಯಾಯವೆಂದೇ ನನ್ನ ಅಭಿಪ್ರಾಯ. ಆದರೆ ಸರಿಪಡಿಸಲು ಕೊಟ್ಟ ಗಡುವು ಮೀರಿದ ಮೇಲೂ ಕೊಳಚೆ ಹರಿಸುವವರಿಗೆ ರಿಯಾಯಿತಿ ಸಲ್ಲದು.

ಆ ಹಂತದಲ್ಲಿ ಕಾನೂನಿನ ವಿವರಗಳು ಮುಖ್ಯವಾಗುತ್ತವೆ. 1974ರ ಜಲಮಾಲಿನ್ಯ ನಿಯಂತ್ರಣ ಕಾಯ್ದೆಯಲ್ಲಿ ತೊರೆ ಎಂಬುದರ ವ್ಯಾಖ್ಯೆಯೊಳಗೆ ಸದ್ಯಕ್ಕೆ ಬತ್ತಿರುವ ಜಲಮಾರ್ಗವೂ ಸೇರಿದೆ. ಹಾಗಾಗಿ ‘ತೋಡಿನಲ್ಲಿ ನೀರೇ ಇಲ್ಲವಲ್ಲ’ ಎಂಬ ಸಮಜಾಯಿಷಿ ನಿಲ್ಲುವುದಿಲ್ಲ. ಅದೇ ಕಾಯ್ದೆಯ 21ನೇ ಸೆಕ್ಷನ್ ಪ್ರಕಾರ, ತ್ಯಾಜ್ಯನೀರಿನ ಮಾದರಿ ತೆಗೆಯುವಾಗ ಸ್ಥಳದ ಸ್ವಾಧೀನದಾರರಿಗೆ ನೋಟಿಸ್ ಕೊಟ್ಟು, ಅವರ ಎದುರಿನಲ್ಲಿ ಮಾದರಿಯನ್ನು ಎರಡು ಭಾಗ ಮಾಡಿ, ಮೊಹರು ಹಾಕಿ, ಇಬ್ಬರ ಸಹಿ ಪಡೆಯಬೇಕು. ಕ್ರಮ ತಪ್ಪಿದರೆ ಪ್ರಯೋಗಾಲಯದ ವರದಿ ಎಷ್ಟೇ ಸ್ಪಷ್ಟವಾಗಿದ್ದರೂ ನ್ಯಾಯಾಲಯದಲ್ಲಿ ಸಾಕ್ಷ್ಯವಾಗದು. ಈ ಅಧಿಕಾರವಿರುವುದು ಮಾಲಿನ್ಯ ನಿಯಂತ್ರಣ ಮಂಡಳಿಗೆ. ಚರಂಡಿಯ ಹೊಣೆಯೂ ವ್ಯಾಪಾರ ಪರವಾನಗಿಯೂ ಸ್ಥಳೀಯ ಸಂಸ್ಥೆಯ ಕೈಯಲ್ಲಿವೆ. ಎರಡೂ ಕಚೇರಿಯವರು ಒಂದೇ ದಿನ ಒಟ್ಟಿಗೆ ಹೋಗದಿದ್ದರೆ ಒಬ್ಬರ ಬಳಿ ಮಾಹಿತಿ, ಇನ್ನೊಬ್ಬರ ಬಳಿ ಅಧಿಕಾರ ಉಳಿದು, ಕಡತ ಅಲ್ಲಿಗೇ ನಿಲ್ಲುತ್ತದೆ.

ಹಣವಿಲ್ಲ, ಸಿಬ್ಬಂದಿಯಿಲ್ಲ ಎಂಬ ಉತ್ತರ ನನಗೆ ಹಲವು ಬಾರಿ ಸಿಕ್ಕಿದೆ. ರತ್ಲಾಮ್ ಪುರಸಭೆಯ ಚರಂಡಿ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 1980ರಲ್ಲಿಯೇ ಈ ನೆಪವನ್ನು ತಳ್ಳಿಹಾಕಿದೆ. ಆ ತೀರ್ಪನ್ನು ಬರೆದವರು ನ್ಯಾಯಮೂರ್ತಿ ವಿ. ಆರ್. ಕೃಷ್ಣ ಅಯ್ಯರ್.

ನಮ್ಮಲ್ಲಿ ಯಾರೂ ಮಾಲಿನ್ಯವೆಂದು ಎಣಿಸದ ವಸ್ತುವೊಂದಿದೆ, ಅದು ಮಣ್ಣು. ಮನೆಗೋ ಹೋಂಸ್ಟೇಗೋ ಜೆಸಿಬಿಯಿಂದ ಬರೆ ಕಡಿದು ಮಣ್ಣನ್ನು ರಸ್ತೆಯಂಚಿನಲ್ಲಿ ಗುಡ್ಡೆ ಹಾಕಿದರೆ, ಮೊದಲ ಜೋರು ಮಳೆಗೇ ಅದು ಚರಂಡಿಗಿಳಿದು ನೀರಿನ ದಾರಿಯನ್ನು ಅರ್ಧ ಮುಚ್ಚುತ್ತದೆ. ಕೆಳಗಿನ ಓಣಿಯ ಮನೆಗಳಿಗೆ ನುಗ್ಗುವ ನೀರಿಗೆ ಪ್ಲಾಸ್ಟಿಕ್ಕಿನಷ್ಟೇ ಇದೂ ಕಾರಣ. ಇದಕ್ಕೆ ಪ್ರಯೋಗಾಲಯ ಬೇಕಿಲ್ಲ. ಕಟ್ಟಡ ಪರವಾನಗಿ ಕೊಡುವಾಗಲೇ ಮಣ್ಣು ಎಲ್ಲಿಗೆ ಹೋಗುತ್ತದೆಂದು ಬರೆಸಿಕೊಂಡು, ಮೇ ತಿಂಗಳ ಕೊನೆಯೊಳಗೆ ಒಮ್ಮೆ ಸ್ಥಳಕ್ಕೆ ಹೋಗಿ ನೋಡಿದರೆ ಸಾಕು.