ಕುದುರೆಗಾಗಿ ಹಾಕಿದ ಹಾದಿ

ಇಂಗ್ಲೆಂಡಿನ ನೈಋತ್ಯ ತುದಿಯಲ್ಲಿ ಸಮುದ್ರಕ್ಕೆ ಚಾಚಿಕೊಂಡಿರುವ ನಾಡು ಕಾರ್ನ್‌ವಾಲ್. ಅಲ್ಲಿ ಏರಿಳಿತ ಜಾಸ್ತಿ. ಕಡಲಂಚಿನ ಕಾಲುದಾರಿ ಹಿಡಿದರೆ ಒಂದು ಕಣಿವೆ ಇಳಿದು ಹತ್ತುವಷ್ಟರಲ್ಲಿ ಇನ್ನೊಂದು ಎದುರಾಗುತ್ತದೆ. ಆದರೆ ಅದೇ ನಾಡಿನ ನಟ್ಟನಡುವೆ, ಉತ್ತರ ಕರಾವಳಿಯ ಪೋರ್ಟ್‌ರೀತ್‌ನಿಂದ ದಕ್ಷಿಣದ ಡೆವೊರಾನ್‌ವರೆಗೆ, ಸುಮಾರು 18 ಕಿಲೋಮೀಟರ್ ಉದ್ದದ ಒಂದು ಹಾದಿಯಿದೆ. ಬಹುಪಾಲು ದೂರ ಏರು ಇರುವುದೇ ಕಾಲಿಗೆ ಗೊತ್ತಾಗುವುದಿಲ್ಲ. ಮಕ್ಕಳೂ ನಡೆಯುತ್ತಾರೆ, ವಯಸ್ಸಾದವರೂ ನಡೆಯುತ್ತಾರೆ.

ಇಷ್ಟು ಗುಡ್ಡಗಳ ನಡುವೆ ಇಷ್ಟು ಸಲೀಸಾದ ದಾರಿ ಎಲ್ಲಿಂದ ಬಂತು? ನಡೆಯುವವರಿಗೆ ಅಂತ ಇದನ್ನು ಯಾರೂ ಮಾಡಲಿಲ್ಲ. ಇದು ಅದಿರಿನ ಬಂಡಿ ಎಳೆಯುವ ಕುದುರೆಗಾಗಿ ಹಾಕಿದ ದಾರಿ.

ಕಾರ್ನ್‌ವಾಲಿನ ನೆಲದಡಿ ತಾಮ್ರವಿತ್ತು, ತವರವಿತ್ತು. ಸುಮಾರು 28 ಕೋಟಿ ವರ್ಷಗಳ ಹಿಂದೆ ಕರಗಿದ ಶಿಲೆ ಕೆಳಗಿನಿಂದ ಉಕ್ಕಿ ಬಂದು, ಮೇಲೆ ಬರುವ ಮುಂಚೆಯೇ ತಣ್ಣಗಾಗಿ ಗ್ರಾನೈಟ್ ಆಯಿತು. ಬಿರುಕುಗಳಲ್ಲಿ ಹರಿದ ಬಿಸಿನೀರು ಲೋಹಗಳನ್ನು ಅಲ್ಲಲ್ಲೇ ಬಿಟ್ಟುಹೋಯಿತು. ಒಟ್ಟಾರೆ ಹೇಳುವುದಾದರೆ ತವರ ಆಳದಲ್ಲಿ, ತಾಮ್ರ ಅದರ ಮೇಲೆ. ಇಲ್ಲದ್ದು ಒಂದೇ, ಕಲ್ಲಿದ್ದಲು. ತಾಮ್ರದ ಅದಿರು ಕರಗಿಸಲು ಕಲ್ಲಿದ್ದಲು ರಾಶಿ ರಾಶಿ ಬೇಕು. ಹಾಗಾಗಿ ಕಲ್ಲಿದ್ದಲನ್ನು ಅದಿರಿನ ಹತ್ತಿರ ತರುವ ಬದಲು ಅದಿರನ್ನೇ ಹಡಗಿಗೆ ಹಾಕಿ ವೇಲ್ಸ್‌ನ ಸ್ವಾನ್ಸಿಗೆ ಕಳಿಸುತ್ತಿದ್ದರು. ಅದೇ ಹಡಗುಗಳು ಹಿಂದಿರುಗುವಾಗ ಗಣಿಯ ಯಂತ್ರಗಳಿಗೆ ಕಲ್ಲಿದ್ದಲು ತರುತ್ತಿದ್ದವು.

ಗಣಿಯಿಂದ ಬಂದರಿನವರೆಗಿನ ದಾರಿಯೇ ಕಷ್ಟದ್ದು. ಹೇಸರಗತ್ತೆಗಳ ಬೆನ್ನ ಮೇಲೆ ಮೂಟೆ ಹೊರಿಸಿ ಕೆಸರು ತುಳಿಸಬೇಕಿತ್ತು. 1809ರಲ್ಲಿ ಪೋರ್ಟ್‌ರೀತ್ ಕಡೆಯಿಂದ ಕಬ್ಬಿಣದ ಹಳಿ ಹಾಕಲು ಶುರು ಮಾಡಿದರು. 1820ರ ದಶಕದಲ್ಲಿ ದಕ್ಷಿಣದ ಡೆವೊರಾನ್ ಕಡೆಗೂ ಇನ್ನೊಂದು ಹಳಿದಾರಿ ಆಯಿತು. ಶುರುವಿನಲ್ಲಿ ಎರಡರಲ್ಲೂ ಬಂಡಿ ಎಳೆದದ್ದು ಕುದುರೆ.

ಇಲ್ಲಿ ಒಂದು ಸಣ್ಣ ಲೆಕ್ಕ ಹಾಕೋಣ. ಒಂದು ಟನ್ ತೂಕದ ಬಂಡಿ ಇದೆ ಅಂದುಕೊಳ್ಳಿ. ದಾರಿ 100 ಮೀಟರಿಗೆ 1 ಮೀಟರ್ ಏರಿದರೆ, ಆ ಏರಿಗಾಗಿಯೇ ಕುದುರೆ ಹೆಚ್ಚುವರಿಯಾಗಿ 10 ಕಿಲೋ ತೂಕದಷ್ಟು ಎಳೆಯಬೇಕು. 100 ಮೀಟರಿಗೆ 10 ಮೀಟರ್ ಏರಿದರೆ 100 ಕಿಲೋ. ದಿನವಿಡೀ ದುಡಿಯುವ ಕುದುರೆ ಒಂದೇ ಸಮನೆ ಎಳೆಯಬಲ್ಲದ್ದು ತನ್ನ ಮೈತೂಕದ ಹತ್ತನೇ ಒಂದು ಪಾಲು, ಅಂದರೆ 50-60 ಕಿಲೋ ಅಷ್ಟೇ. ಕಬ್ಬಿಣದ ಹಳಿಯ ಮೇಲೆ ಕಬ್ಬಿಣದ ಚಕ್ರ ಉರುಳುವಾಗ ತಿಕ್ಕಾಟ ತೀರಾ ಕಡಿಮೆ. ಅದರಿಂದ ಸಿಕ್ಕ ಲಾಭವನ್ನೆಲ್ಲ ಒಂದು ಕಡಿದಾದ ಏರು ನುಂಗಿಬಿಡುತ್ತದೆ. ಅದಕ್ಕೇ ಗುಡ್ಡ ಎದುರಾದರೆ ಬಳಸಿಕೊಂಡು ಹೋದರು, ತಗ್ಗು ಬಂದರೆ ಮಣ್ಣು ತುಂಬಿದರು, ದಿಣ್ಣೆ ಬಂದರೆ ಕಡಿದರು.

ನಮ್ಮ ಕಾಲಿಗೂ ಇದೇ ಲೆಕ್ಕ. ಸ್ಕಾಟ್ಲೆಂಡಿನ ಪರ್ವತಾರೋಹಿ ವಿಲಿಯಂ ನೇಯ್‌ಸ್ಮಿತ್ 1892ರಲ್ಲಿ ಒಂದು ಸರಳ ಸೂತ್ರ ಕೊಟ್ಟ. ಸುಮಾರು 5 ಕಿಲೋಮೀಟರ್ ನಡಿಗೆಗೆ ಒಂದು ಗಂಟೆ, ಅದರ ಮೇಲೆ ಪ್ರತಿ 600 ಮೀಟರ್ ಏರಿಗೆ ಇನ್ನೊಂದು ಗಂಟೆ. ಚಾರಣ ಮಾಡುವವರು ಇವತ್ತಿಗೂ ಇದನ್ನು ಬಳಸುತ್ತಾರೆ. ಕುದುರೆಯ ಬೆವರು ಉಳಿಸಲು ಮಾಡಿದ್ದು ಇನ್ನೂರು ವರ್ಷದ ನಂತರ ನಮ್ಮ ಮೊಣಕಾಲನ್ನು ಕಾಯುತ್ತಿದೆ, ಅಲ್ವಾ?

ಹಳಿಗಳನ್ನು ಯಾವಾಗಲೋ ಕಿತ್ತೊಯ್ದಿದ್ದಾರೆ. ಆದರೆ ಅಲ್ಲಲ್ಲಿ ಬಗ್ಗಿ ನೋಡಿ. ಹಾದಿಯ ಎರಡೂ ಪಕ್ಕ ಗ್ರಾನೈಟ್ ಕಲ್ಲಿನ ತುಂಡುಗಳು ಅರ್ಧ ಹೂತುಕೊಂಡಿವೆ. ಒಂದೊಂದರ ಮೇಲೂ ಬೆರಳು ತೂರುವಂಥ ತೂತು. ಆ ತೂತಿಗೆ ಮರದ ಬೆಣೆ ಬಡಿದು, ಅದಕ್ಕೆ ಮೊಳೆ ಹೊಡೆದು ಹಳಿ ಕೂರಿಸುತ್ತಿದ್ದರು. ಈಗಿನ ರೈಲುದಾರಿಯ ಹಾಗೆ ಅಡ್ಡಪಟ್ಟಿ ಯಾಕಿಲ್ಲ? ಕುದುರೆ ನಡೆಯುವುದು ಎರಡು ಹಳಿಗಳ ಮಧ್ಯೆ. ಅಡ್ಡಪಟ್ಟಿ ಇದ್ದರೆ ಎಡವುತ್ತದೆ. ಇಡೀ ಹಾದಿಯಲ್ಲಿ ನನಗೆ ಅತ್ಯಂತ ಇಷ್ಟವಾದ ಗುರುತು ಈ ಜೋಡಿ ಕಲ್ಲುಗಳೇ. ನಡುವಿನ ಜಾಗದಲ್ಲಿ ಗೊರಸಿನ ಸದ್ದು ಕೇಳಿಸಿದಂತಾಗುತ್ತದೆ.

ತಲೆ ಎತ್ತಿದರೆ ಕಾಣುವುದು ಎಂಜಿನ್ ಮನೆಗಳು, ಗಣಿಯ ನೀರೆತ್ತುತ್ತಿದ್ದ ಉಗಿಯಂತ್ರಗಳ ಕಟ್ಟಡಗಳು. ಚಾವಣಿ ಇಲ್ಲದ ಎತ್ತರದ ಕಲ್ಲುಗೋಡೆ, ಪಕ್ಕದಲ್ಲಿ ಹೊಗೆಗೂಡು. ಕಾರ್ನ್ ಬ್ರೇ ಬೆಟ್ಟವನ್ನು ಸುತ್ತುವ 12 ಕಿಲೋಮೀಟರಿನ ಇನ್ನೊಂದು ಹಾದಿಯಲ್ಲಿ ಇವು ಸಾಲುಸಾಲಾಗಿ ಸಿಗುತ್ತವೆ. ನಾಲ್ಕು ಗೋಡೆಗಳಲ್ಲಿ ಒಂದು ಮಾತ್ರ ಉಳಿದವಕ್ಕಿಂತ ದಪ್ಪ, ಎತ್ತರದಲ್ಲಿ ಗಿಡ್ಡ. ಯಾಕೆಂದರೆ ಅದರ ಮೇಲೆ ಟನ್‌ಗಟ್ಟಲೆ ತೂಗುವ ಕಬ್ಬಿಣದ ತೊಲೆ ತಕ್ಕಡಿಯ ಹಾಗೆ ಆಡುತ್ತಿತ್ತು. ಅರ್ಧ ಒಳಗೆ, ಅರ್ಧ ಹೊರಗೆ. ಒಳಗಿನ ತುದಿಯನ್ನು ಉಗಿ ಕೆಳಕ್ಕೆ ಎಳೆದರೆ, ಹೊರಗಿನ ತುದಿ ಗಣಿಬಾವಿಯೊಳಗಿನ ಉದ್ದನೆಯ ಕಂಬವನ್ನು ಮೇಲೆತ್ತುತ್ತಿತ್ತು. ಆಮೇಲೆ ಕಂಬ ತನ್ನ ಭಾರಕ್ಕೇ ಇಳಿದು ನೀರನ್ನು ಮೇಲಕ್ಕೆ ತಳ್ಳುತ್ತಿತ್ತು. ಇಲ್ಲಿ ಕಟ್ಟಡವೇ ಯಂತ್ರದ ಚೌಕಟ್ಟು. ಒಳಗಿನ ಕಬ್ಬಿಣವನ್ನು ಗುಜರಿಗೆ ಹಾಕಿದ ಮೇಲೂ ಗೋಡೆಗಳು ನಿಂತಿರುವುದಕ್ಕೆ ಆ ಗಟ್ಟಿತನವೇ ಕಾರಣ.

ಕಲ್ಲಿದ್ದಲು ದುಬಾರಿ ಆಗಿದ್ದರಿಂದ ಇಲ್ಲಿನ ಎಂಜಿನಿಯರುಗಳು ಪ್ರತಿ ಕಣಕ್ಕೂ ಲೆಕ್ಕ ಇಟ್ಟರು. 1811ರಿಂದ ಪ್ರತಿ ತಿಂಗಳೂ ಯಾವ ಗಣಿಯ ಎಂಜಿನ್ ಎಷ್ಟು ಕಲ್ಲಿದ್ದಲಿಗೆ ಎಷ್ಟು ನೀರೆತ್ತಿತು ಎಂದು ಅಚ್ಚು ಹಾಕಿ ಹಂಚಿದರು. ಒಬ್ಬರು ಕಂಡುಕೊಂಡದ್ದು ಎಲ್ಲರಿಗೂ ಗೊತ್ತಾಗುತ್ತಿತ್ತು. ಇದೇ ನೆಲದಲ್ಲಿ ಹುಟ್ಟಿದ ರಿಚರ್ಡ್ ಟ್ರೆವಿಥಿಕ್ ಹೆಚ್ಚಿನ ಒತ್ತಡದ ಉಗಿ ಬಳಸುವ ದಾರಿ ತೋರಿಸಿದ್ದ. ಒಂದು ತಲೆಮಾರಿನೊಳಗೆ ಇಲ್ಲಿನ ಒಳ್ಳೆಯ ಎಂಜಿನ್ನುಗಳು ಅಷ್ಟೇ ಕಲ್ಲಿದ್ದಲಿಗೆ ಜೇಮ್ಸ್ ವಾಟ್‌ನ ಎಂಜಿನ್ನಿಗಿಂತ ನಾಲ್ಕು ಪಟ್ಟಿಗೂ ಜಾಸ್ತಿ ಕೆಲಸ ಮಾಡಿದವು. 1860ರ ದಶಕದಲ್ಲಿ ತಾಮ್ರದ ಬೆಲೆ ಕುಸಿದಾಗ ಈ ಕಸುಬು ಗೊತ್ತಿದ್ದವರು ಜಗತ್ತಿನ ಗಣಿಗಳಿಗೆಲ್ಲ ಚೆದುರಿದರು. ನಮ್ಮ ಕೋಲಾರದ ಚಿನ್ನದ ಗಣಿಗೂ ಬಂದರು.

ಹಾದಿ ಪೋಲ್ಡೈಸ್ ಕಣಿವೆಗೆ ಬಂದಾಗ ಬಣ್ಣವೇ ಬೇರೆ. ಕೆಂಪು, ಹಳದಿ, ಬೂದು ದಿಬ್ಬಗಳು. ಅದಿರು ಬೇರ್ಪಡಿಸಿ ಚೆಲ್ಲಿದ ಕಲ್ಲುಪುಡಿ. ಅದರಲ್ಲಿ ತಾಮ್ರ, ಆರ್ಸೆನಿಕ್ ಇನ್ನೂ ಇರುವುದರಿಂದ ಹುಲ್ಲು ಕೂಡ ಸುಲಭಕ್ಕೆ ಹುಟ್ಟುವುದಿಲ್ಲ. ಇಲ್ಲಿ ಗುರುತು ಮಾಡಿದ ದಾರಿ ಬಿಟ್ಟು ಆಚೆ ಹೋಗಬೇಡಿ, ಇದನ್ನು ಒತ್ತಿ ಹೇಳುತ್ತೇನೆ. ನೆಲದಲ್ಲಿ ವಿಷವಿದೆ, ಹಳೆಯ ಬಾವಿಗಳೂ ಇವೆ. ಕೆಲವು ಬಾವಿಗಳ ಮೇಲೆ ಕಬ್ಬಿಣದ ಜಾಲರಿಯ ಗೋಪುರ ಕೂರಿಸಿದ್ದಾರೆ. ಮನುಷ್ಯ ಬೀಳಬಾರದು, ಒಳಗೆ ವಾಸವಿರುವ ಬಾವಲಿ ಮಾತ್ರ ಓಡಾಡಬೇಕು ಅಂತ.

ಹಾಗಂತ ಈ ಬೋಳು ನೆಲ ಸತ್ತಿಲ್ಲ. ಕಾರ್ನಿಷ್ ಪಾತ್ ಮಾಸ್ ಎಂಬ ಹಾವಸೆ ತಾಮ್ರದ ಗಣಿತ್ಯಾಜ್ಯದ ಮೇಲೇ ಬೆಳೆಯುತ್ತದೆ. ಜಗತ್ತಿನಲ್ಲಿ ಅದು ಬೆರಳೆಣಿಕೆಯ ಕಡೆಗಳಲ್ಲಷ್ಟೇ ಇದೆ. ಇಲ್ಲಿನ ಗಣಿಭೂಮಿ 2006ರಲ್ಲಿ ವಿಶ್ವ ಪರಂಪರೆಯ ಪಟ್ಟಿ ಸೇರಿತು. ದಿಬ್ಬಗಳನ್ನು ಬಾಚಿ ಸುಮ್ನೆ ಹಸಿರು ಮಾಡಿಬಿಟ್ಟರೆ ಇಂಥ ಜೀವಿಗಳು ಹೋಗಿಬಿಡುತ್ತವೆ.

ಕೊನೆಯ ಕೆಲವು ಕಿಲೋಮೀಟರ್ ಕಾರ್ನನ್ ನದಿಯ ಜೊತೆ. ಗಣಿ ನಡೆಯುವಾಗ ಪಂಪುಗಳು ನೀರನ್ನು ಹೊರಹಾಕುತ್ತಿರುತ್ತವೆ. ಪಂಪು ನಿಂತರೆ ಸುರಂಗ ತುಂಬುತ್ತದೆ. ಗಂಧಕ ಮತ್ತು ಕಬ್ಬಿಣ ಸೇರಿರುವ ಪೈರೈಟ್ ಖನಿಜ ಗಾಳಿ, ನೀರಿನ ಜೊತೆ ಸೇರಿ ಆಮ್ಲವಾಗುತ್ತದೆ. ಆ ಆಮ್ಲ ಬೇರೆ ಲೋಹಗಳನ್ನೂ ಕರಗಿಸುತ್ತದೆ. ಹತ್ತಿರದ ವೀಲ್ ಜೇನ್ ಗಣಿ 1991ರಲ್ಲಿ ಮುಚ್ಚಿತು. 1992ರ ಜನವರಿಯಲ್ಲಿ ಆ ನೀರು ಒಡೆದು ನುಗ್ಗಿ ನದಿಯೆಲ್ಲ ಕಿತ್ತಳೆ ಬಣ್ಣವಾಯಿತು. ಅಲ್ಲಿಂದೀಚೆಗೆ ಗಣಿಯ ನೀರನ್ನು ಎತ್ತಿ, ಸುಣ್ಣ ಬೆರೆಸಿ, ಲೋಹ ತೆಗೆದು ನದಿಗೆ ಬಿಡುತ್ತಿದ್ದಾರೆ.

ಡೆವೊರಾನ್‌ನಲ್ಲಿ ಹಾದಿ ನೀರಿನಂಚಿಗೆ ಬಂದು ನಿಲ್ಲುತ್ತದೆ. ಹಿಂದೆ ಇದು ಬಂದರು. ಗಣಿಗಳಿಂದ ಕೊಚ್ಚಿ ಬಂದ ಹೂಳು ತುಂಬಿ ತುಂಬಿ ಈಗ ಇಳಿತದ ಹೊತ್ತಿಗೆ ಬರೀ ಕೆಸರು. ಆ ಕೆಸರಲ್ಲಿ ಬೇಕಾದಷ್ಟು ತಾಮ್ರವಿದೆ. ಅದರೊಳಗೆ ರಾಗ್‌ವರ್ಮ್ ಎಂಬ ಹುಳು ಬದುಕುತ್ತದೆ. ಅದೇ ಜಾತಿಯ ಹುಳುವನ್ನು ಬೇರೆ ಹಿನ್ನೀರಿನಿಂದ ತಂದು ಇಷ್ಟೇ ತಾಮ್ರವಿರುವ ನೀರಿಗೆ ಬಿಟ್ಟರೆ ಸಾಯುತ್ತದೆ. ಇಲ್ಲಿನದು ಸಾಯುವುದಿಲ್ಲ. ತಲೆಮಾರುಗಳ ಕಾಲ ತಾಮ್ರದಲ್ಲೇ ಹುಟ್ಟಿ ಬೆಳೆದು, ತಡೆದುಕೊಂಡವು ಮಾತ್ರ ಉಳಿದಿವೆ. ಕುದುರೆ ಹೋಯಿತು, ಹಳಿ 1915ರಲ್ಲಿ ಮುಚ್ಚಿತು, ಹಡಗು ಬರುವುದು ನಿಂತಿತು. ಹುಳು ಮಾತ್ರ ಕೆಸರಿನಲ್ಲಿ ಬಿಲ ತೋಡುತ್ತಲೇ ಇದೆ.